ನೊಂದ ಮನಸ್ಸಿಗೆ ದುಡಿಮೆ ಭಾರ

ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ತಲೆಯೆತ್ತಿದ್ದು 19ನೇ ಶತಮಾನದ ಕೊನೆಯಲ್ಲಿ. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸಕ್ಕರೆ ಕಾರ್ಖಾನೆಗಳು ಹಂಗಾಮಿನಲ್ಲಿ ಹಗಲಿರುಳು ಕಬ್ಬು ನುರಿಸುತ್ತವೆ. ಎಷ್ಟು ಟನ್ ನುರಿಯಿತು, ಇಳುವರಿ ಎಷ್ಟು ಎಂಬ ಲೆಕ್ಕ ದಿನವೂ ಸಿಗುತ್ತದೆ. ರಾತ್ರಿಪಾಳಿ ಮುಗಿಸಿದವನ ಮನಸ್ಸಿನ ಲೆಕ್ಕ ಮಾತ್ರ ಯಾವ ವಹಿಯಲ್ಲೂ ಇಲ್ಲ.

ಈ ಲೆಕ್ಕ ಉತ್ಪಾದನೆಗೂ ಸಂಬಂಧಿಸಿದ್ದು. ಬ್ರಿಟನ್ನಿನ ದೂರವಾಣಿ ಸಂಸ್ಥೆಯೊಂದರ ಕಾಲ್ ಸೆಂಟರ್‌ಗಳಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ನಡೆಸಿದ ಅಧ್ಯಯನವು, ನೌಕರರು ಸಂತಸದಿಂದಿದ್ದ ವಾರಗಳಲ್ಲಿ ಮಾರಾಟ ಸುಮಾರು ಶೇ 13ರಷ್ಟು ಹೆಚ್ಚಿದ್ದನ್ನು ಕಂಡಿತು. ಕರ್ನಾಟಕದ್ದೇ ನಿದರ್ಶನವೂ ಉಂಟು. 2016ರಲ್ಲಿ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ವೇತನ ಹೆಚ್ಚಳ ನಿರೀಕ್ಷೆಯನ್ನು ಮುಟ್ಟದೆ ಅಸಮಾಧಾನ ಹಬ್ಬಿದಾಗ, ಕೆಲವು ಕಾರ್ಮಿಕರಿಗೆ ಸಮೀಕ್ಷೆಯ ಮೂಲಕ ಮನದಳಲು ಹೇಳಿಕೊಳ್ಳಲು ಅವಕಾಶವಿತ್ತು. ಅವರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಉಳಿದವರಿಗಿಂತ ಸುಮಾರು ಐದನೇ ಒಂದರಷ್ಟು ಕಡಿಮೆಯಾಯಿತು. ಆ ಸಮೀಕ್ಷೆಯಿಂದ ಕೂಲಿ ಏರಲಿಲ್ಲ. ಮಾತಿಗೆ ಕಿವಿಯೊಂದು ಸಿಕ್ಕಿತ್ತು.

ಆದರೆ ಆಲಿಸುವುದು ಕೂಲಿಗೆ ಬದಲಿಯಲ್ಲ. ದಿನದ ಕೆಲಸದ ಮಿತಿಯನ್ನು 12 ಗಂಟೆಗೆ ಏರಿಸಲು ಅವಕಾಶ ನೀಡುವ ತಿದ್ದುಪಡಿಯನ್ನು ರಾಜ್ಯ ವಿಧಾನಮಂಡಲವು 2023ರಲ್ಲಿ ಅಂಗೀಕರಿಸಿತು. ಗಂಟೆ ಹೆಚ್ಚಿಸುವುದು ಸುಲಭ. ದಣಿದ ಕೈಯಿಂದ ಹೆಚ್ಚು ಕೆಲಸ ತೆಗೆಯುವುದು ಕಷ್ಟ. ನ್ಯಾಯವಾದ ಕೂಲಿ, ಸಾಕಷ್ಟು ನಿದ್ದೆ, ದೂರು ಹೇಳಲು ನಿರ್ಭಯ ತಾಣ: ಇವು ಮಾಲೀಕರ ಔದಾರ್ಯವಲ್ಲ, ಕಾರ್ಖಾನೆಯ ಬಂಡವಾಳ.