ಯಾರದೂ ಅಲ್ಲದ ಬಿಲ್ಲು



ಬೆಳ್ತಂಗಡಿ ತಾಲೂಕಿನ ನೆರಿಯವನ್ನು ಬಲ್ಲವರಿಗೆ ಅಲ್ಲಿನ ಪಂಪಿಂಗ್ ಕೇಂದ್ರವೂ ಪರಿಚಿತವೇ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಪೆಟ್ರೋಲು, ಡೀಸೆಲುಗಳನ್ನು ಒಯ್ಯುವ, ಸುಮಾರು 362 ಕಿಲೋಮೀಟರ್ ಉದ್ದದ ಕೊಳವೆಮಾರ್ಗ 2003ರಲ್ಲಿ ಕಾರ್ಯಾರಂಭ ಮಾಡಿತು. ಕರಾವಳಿಯಿಂದ ಹೊರಟ ಇಂಧನ ನೆರಿಯಕ್ಕೆ ಬರುವಾಗ ಘಟ್ಟದ ಬುಡ ಮುಟ್ಟಿರುತ್ತದೆ. ಅಲ್ಲಿಂದ ಮುಂದಕ್ಕೆ ಅದು ತಾನಾಗಿ ಹರಿಯದು. ಮತ್ತೊಮ್ಮೆ ಒತ್ತಡ ಕೊಟ್ಟು ಮೇಲಕ್ಕೆ ದೂಡಬೇಕು. ಶಕ್ತಿಯನ್ನು ಸಾಗಿಸುವುದಕ್ಕೂ ಶಕ್ತಿಯೇ ಬೇಕು. ಈ ಸರಳ ಸತ್ಯ ನೆರಿಯದ ಮಣ್ಣಿನಡಿಯಲ್ಲೇ ಹುದುಗಿದೆ. ಆದರೆ ಗೋಡೆಯ ಸ್ವಿಚ್ಚಿನ ಮುಂದೆ ನಿಂತಾಗ ನಾವು ಅದನ್ನು ಮರೆಯುತ್ತೇವೆ. ಅಲ್ಲಿ ಶಕ್ತಿಯು ಗಾಳಿ, ಬೆಳಕುಗಳಂತೆ ಸುಮ್ಮನೆ ಒದಗಿ ಬರುವಂತೆ ಕಾಣುತ್ತದೆ.

ಕೆಲವು ತಿಂಗಳ ಹಿಂದೆ ಒಂದು ಸಂಸ್ಥೆಯಲ್ಲಿ ಅತಿಥಿಯಾಗಿ ತಂಗಿದ್ದೆ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾಡುವಾಗ ಬೀಗ ಹಾಕಿದ್ದ ಕಚೇರಿಯ ಕಿಟಕಿಯಲ್ಲಿ ನೀಲಿ ಬೆಳಕು ಕಂಡಿತು. ಒಳಗೆ ಯಾರೂ ಇರಲಿಲ್ಲ. ನಾಲ್ಕು ಗಣಕಯಂತ್ರಗಳ ಪರದೆಗಳ ಮೇಲೆ ಬಣ್ಣದ ಮೀನುಗಳು ಈಜಾಡುತ್ತಿದ್ದವು. ಬೆಳಿಗ್ಗೆ ಅಲ್ಲಿನ ಯುವ ಗುಮಾಸ್ತನನ್ನು ವಿಚಾರಿಸಿದೆ. "ಫಾದರ್, ದಿನಾ ಆಫ್ ಮಾಡಿ ಆನ್ ಮಾಡಿದರೆ ಹಾಳಾಗುತ್ತದಂತೆ. ಅಷ್ಟಕ್ಕೂ ಕಂಪ್ಯೂಟರಿಗೆ ಎಷ್ಟು ಕರೆಂಟು ಬೇಕು?" ಎಂದ. ತಿಂಗಳಿಗೆ ಬಿಲ್ಲು ಎಷ್ಟು ಬರುತ್ತದೆ ಎಂದು ಕೇಳಿದೆ. "ಅದನ್ನು ಮ್ಯಾನೇಜ್‌ಮೆಂಟಿನವರು ಕಟ್ಟುತ್ತಾರೆ, ನಮಗೆ ಗೊತ್ತಿಲ್ಲ" ಎಂದ.

ಆ ಯುವಕನನ್ನು ನಾನು ದೂರುವುದಿಲ್ಲ. ತನ್ನ ಮನೆಯಲ್ಲಿ ಅವನು ಖಂಡಿತ ಹಾಗೆ ಮಾಡಲಾರ. ಹಿತ್ತಿಲಿನ ಬಲ್ಬು ಉರಿಯುತ್ತಿದ್ದರೆ ಅವನ ತಾಯಿ ಸುಮ್ಮನಿರಲಾರಳು. ದೋಷವಿರುವುದು ವ್ಯವಸ್ಥೆಯಲ್ಲಿ. ಸ್ವಿಚ್ಚು ಒತ್ತುವವನು ಬಿಲ್ಲು ಕಟ್ಟುವುದಿಲ್ಲ. ಬಿಲ್ಲು ಕಟ್ಟುವವನು ಸ್ವಿಚ್ಚನ್ನು ನೋಡುವುದಿಲ್ಲ. "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ" ಎಂಬ ನಮ್ಮವರ ಗಾದೆ ಇಂದಿನ ಕಚೇರಿಗಳಿಗೆ ಒಪ್ಪುವಷ್ಟು ಬೇರೆಲ್ಲಿಗೂ ಒಪ್ಪಲಾರದು. ಶಾಲೆಯಿರಲಿ, ಸಹಕಾರಿ ಸಂಘವಿರಲಿ, ಪಂಚಾಯತ್ ಇರಲಿ, ನಮ್ಮ ಧರ್ಮಕೇಂದ್ರದ ಕಚೇರಿಯೇ ಇರಲಿ, ಮೀಟರು ಯಾರದೂ ಅಲ್ಲ.

"ಎಷ್ಟು ಕರೆಂಟು ಬೇಕು?" ಎಂಬ ಪ್ರಶ್ನೆಗೆ ಉತ್ತರ ಹೇಳೋಣ. ವರ್ಷಕ್ಕೆ 8,760 ಗಂಟೆಗಳು. 300 ದಿನ, ದಿನಕ್ಕೆ 8 ಗಂಟೆ ಕೆಲಸವೆಂದರೆ 2,400 ಗಂಟೆ. ಉಳಿದ 6,360 ಗಂಟೆ ಕಚೇರಿ ಖಾಲಿ. ಸುಮ್ಮನೆ ಉರಿಯುತ್ತಿರುವ ಒಂದು ಮೇಜುಗಣಕ, ಪರದೆಯೂ ಸೇರಿ, 60 ವ್ಯಾಟ್ ಎಳೆಯುತ್ತದೆಂದು ಹಿಡಿಯಿರಿ. ಖಾಲಿ ಗಂಟೆಗಳಲ್ಲೇ ಸುಮಾರು 380 ಯೂನಿಟ್ ವ್ಯರ್ಥ. ಅಂಥ ಹತ್ತು ಯಂತ್ರಗಳಿದ್ದರೆ 3,800 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಲೆಕ್ಕ ಹಾಕಿದರೆ 26,600 ರೂಪಾಯಿ. ಇದರಿಂದ ಯಾರೊಬ್ಬರೂ ಒಂದು ಪತ್ರ ಬರೆಯಲಿಲ್ಲ, ಒಂದು ಮಗು ಒಂದಕ್ಷರ ಕಲಿಯಲಿಲ್ಲ. ಅದೇ ಯಂತ್ರ ನಿದ್ರಾಸ್ಥಿತಿಯಲ್ಲಿದ್ದರೆ ಒಂದೆರಡು ವ್ಯಾಟ್ ಸಾಕು. ವರ್ಷಕ್ಕೆ 13 ಯೂನಿಟ್ಟಿನೊಳಗೆ ಮುಗಿಯುತ್ತದೆ. ಸ್ವಿಚ್ಚು ಆರಿಸಿದರೆ ಅದೂ ಇಲ್ಲ.

26,600 ರೂಪಾಯಿ ಎಂದರೆ ಏನು? ನಮ್ಮ ಸಂಸ್ಥೆಗಳ ಹಣ ಆಕಾಶದಿಂದ ಉದುರಿದ್ದಲ್ಲ. ಅಡಿಕೆ ಸುಲಿದು, ರಬ್ಬರ್ ಹಾಲು ತೆಗೆದು, ಬೀಡಿ ಕಟ್ಟಿ ದುಡಿದ ಕುಟುಂಬಗಳು ತೆತ್ತ ಶುಲ್ಕ, ವಂತಿಗೆ, ಕಾಣಿಕೆ ಅದು. ಬಡ ವಿಧವೆಯ ಎರಡು ಕಾಸನ್ನು ಹೊಗಳಿ ಪ್ರಬೋಧನೆ ಮಾಡುವ ನಾವು, ಆ ಕಾಸು ರಾತ್ರಿಯಿಡೀ ಬಣ್ಣದ ಮೀನುಗಳನ್ನು ಈಜಾಡಿಸಲು ಖರ್ಚಾಗುವುದನ್ನು ಕಾಣದಿರುವುದು ಹೇಗೆ?

ಇನ್ನು ನೆಪಗಳ ವಿಚಾರ. ಆರಿಸಿ ಹೊತ್ತಿಸಿದರೆ ಯಂತ್ರ ಕೆಡುತ್ತದೆ ಎಂಬುದು ಹಳೆಯ ಕಾಲದ ಭಯ. ಇಂದಿನ ಯಂತ್ರಗಳು ದಿನಕ್ಕೊಂದೆರಡು ಬಾರಿ ಆರಿಸಿ ಹೊತ್ತಿಸುವುದನ್ನು ಸಲೀಸಾಗಿ ತಾಳಿಕೊಳ್ಳುತ್ತವೆ. ಪರದೆಯ ಮೇಲೆ ಓಡಾಡುವ ಚಿತ್ರ ಉಳಿತಾಯಕ್ಕಾಗಿ ಎಂಬುದೂ ತಪ್ಪು ತಿಳಿವಳಿಕೆ. ಹಿಂದಿನ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರ ಅಚ್ಚೊತ್ತಿ ನಿಲ್ಲದಿರಲೆಂದು ಅದನ್ನು ರೂಪಿಸಲಾಯಿತು. ಅದು ವಿದ್ಯುತ್ತನ್ನು ಉಳಿಸುವುದಿಲ್ಲ, ಬಳಸುತ್ತದೆ. ಮೂರನೆಯ ನೆಪ, "ಈಗ ಕರೆಂಟು ಉಚಿತವಲ್ಲವೇ?" 2023ರ ಜುಲೈಯಲ್ಲಿ ಆರಂಭವಾದ ಗೃಹಜ್ಯೋತಿ ಮನೆಗಳಿಗೆ ಮಾತ್ರ, ಅದೂ 200 ಯೂನಿಟ್ಟಿನ ಮಿತಿಯೊಳಗೆ. ಅಲ್ಲಿಯೂ ಬಿಲ್ಲು ಮಾಯವಾಗಿಲ್ಲ; ಸರಕಾರದ ಬೊಕ್ಕಸದಿಂದ, ಅಂದರೆ ನಮ್ಮ ತೆರಿಗೆಯಿಂದಲೇ ಪಾವತಿಯಾಗುತ್ತದೆ.

ರಾತ್ರಿ ಉರಿಯುವ ಯಂತ್ರಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ ಎಂದು ನಾವು ಹೆಮ್ಮೆಪಡುತ್ತೇವೆ. ಸೂರ್ಯ ಮುಳುಗಿದ ಮೇಲೆ ಅದು ನೆರವಿಗೆ ಬಾರದು. ಆಗ ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಉರಿಯಬೇಕು, ಶರಾವತಿಯ ನೀರು ಧುಮುಕಬೇಕು. ಆ ನೀರಿಗಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಾವಿರಾರು ಕುಟುಂಬಗಳ ಮನೆ, ಗದ್ದೆಗಳನ್ನು ಮುಳುಗಿಸಿತು. ನಮ್ಮ ನೆರೆಯ ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರವನ್ನು ಕಟ್ಟಿದ್ದೇ ಹಡಗಿನಲ್ಲಿ ತರಿಸುವ ವಿದೇಶಿ ಕಲ್ಲಿದ್ದಲಿಗಾಗಿ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸರಾಸರಿ 0.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ವಾತಾವರಣ ಸೇರುತ್ತದೆ. ನಮ್ಮ ಹತ್ತು ಯಂತ್ರಗಳ ವ್ಯರ್ಥ ಉರಿಯ ಲೆಕ್ಕ ವರ್ಷಕ್ಕೆ ಎರಡೂವರೆ ಟನ್ನಿಗೂ ಹೆಚ್ಚು.

ಇಲ್ಲಿ ನನ್ನನ್ನು ಕಾಡುವ ಇನ್ನೊಂದು ಸಂಗತಿಯಿದೆ. ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ವಿದ್ಯುತ್ ಮಾರ್ಗ ತಮ್ಮ ತೋಟಗಳ ಮೇಲೆ ಹಾದುಹೋಗಬಾರದೆಂದು ನಮ್ಮ ಜಿಲ್ಲೆಯ ಕೃಷಿಕರು ಹೋರಾಡಿದ್ದಾರೆ. ತಂತಿಯ ಕೆಳಗೆ ತೆಂಗು, ಅಡಿಕೆ ಬೆಳೆಯುವಂತಿಲ್ಲ. ಅಜ್ಜ ನೆಟ್ಟ ಮರ ಕಣ್ಣೆದುರೇ ಉರುಳುತ್ತದೆ. ಅವರ ಅಳಲು ನ್ಯಾಯವಾದದ್ದು. ಅವರ ಪರವಾಗಿ ಮನವಿಪತ್ರವನ್ನು ಟೈಪು ಮಾಡಿದ ಕಂಪ್ಯೂಟರು ಅಂದು ರಾತ್ರಿಯೂ ಸುಮ್ಮನೆ ಉರಿಯುತ್ತಿದ್ದರೆ, ಆ ಪತ್ರದ ಮಾತಿಗೆ ಎಷ್ಟು ತೂಕ? ಗೋಪುರ ನಮ್ಮ ತೋಟದಲ್ಲಿ ಬೇಡ, ಕರೆಂಟು ಮಾತ್ರ ಎಗ್ಗಿಲ್ಲದೆ ಬೇಕು ಎಂದರೆ ಆ ಗೋಪುರ ಇನ್ನೊಬ್ಬ ಬಡವನ ತೋಟದಲ್ಲಿ ಏಳುತ್ತದೆ, ಅಷ್ಟೇ.

ಇದಕ್ಕೆ ಪರಿಹಾರ ಕೇಳಿದರೆ ಪೇಟೆ ಕೂಡಲೇ ಉತ್ತರಿಸುತ್ತದೆ: "ಹಳೆಯದನ್ನು ಎಸೆಯಿರಿ, ವಿದ್ಯುತ್ ಉಳಿಸುವ ಹೊಸದನ್ನು ಕೊಳ್ಳಿರಿ." ಈ ಮಾತನ್ನು ನಂಬಿ ಅವಸರಪಡಬೇಡಿ. ಒಂದು ಲ್ಯಾಪ್‌ಟಾಪ್ ತನ್ನ ಬಾಳಿನಲ್ಲಿ ಮಾಡುವ ಮಾಲಿನ್ಯದ ದೊಡ್ಡ ಪಾಲು ಅದು ನಮ್ಮ ಕೈಗೆ ಬರುವ ಮೊದಲೇ, ಗಣಿ ಮತ್ತು ಕಾರ್ಖಾನೆಗಳಲ್ಲಿ ಆಗಿಹೋಗಿರುತ್ತದೆ. ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತೆಂಬ ಕಾರಣಕ್ಕೆ ಗಟ್ಟಿಮುಟ್ಟಾದ ಯಂತ್ರಗಳನ್ನು ಮೂಲೆಗೆಸೆಯುವವರು ಗಡಿಯಾಚೆಯ ಕಾಸರಗೋಡಿನತ್ತ ಒಮ್ಮೆ ನೋಡಬೇಕು. ಕೇರಳದಲ್ಲಿ 2001ರಲ್ಲಿ ಆರಂಭವಾದ 'ಐಟಿ ಅಟ್ ಸ್ಕೂಲ್' ಯೋಜನೆ ಕ್ರಮೇಣ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಪರವಾನಗಿ ಶುಲ್ಕವಿಲ್ಲ, ಹಳೆಯ ಯಂತ್ರಕ್ಕೂ ಆಯುಷ್ಯ ಹೆಚ್ಚುತ್ತದೆ. ನಿಜವಾಗಿಯೂ ಕೊಳ್ಳಬೇಕಾಗಿ ಬಂದ ದಿನ ಮೇಜುಗಣಕದ ಬದಲು ಅದಕ್ಕಿಂತ ಬಹಳ ಕಡಿಮೆ ವಿದ್ಯುತ್ತು ಸಾಕಾಗುವ ಲ್ಯಾಪ್‌ಟಾಪನ್ನೇ ಕೊಳ್ಳಿರಿ. ಹಳೆಯದನ್ನು ಗುಜರಿಯವನಿಗೆ ಕೊಡದೆ, 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿರಿ.

ದೊಡ್ಡವರಿಂದಲೂ ಕಲಿಯುವುದಿದೆ. ಬೆಂಗಳೂರಿನ ಇನ್ಫೋಸಿಸ್ 2008ರ ಮಟ್ಟಕ್ಕೆ ಹೋಲಿಸಿದರೆ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿದ್ದಾಗಿ ತನ್ನ ವರದಿಗಳಲ್ಲಿ ಹೇಳಿದೆ. ಅವರ ಹಣ, ಅವರ ಇಂಜಿನಿಯರುಗಳು ನಮ್ಮಲ್ಲಿಲ್ಲ ನಿಜ. ಆದರೆ ಅವರು ಮಾಡಿದ ಒಂದು ಕೆಲಸಕ್ಕೆ ಹಣ ಬೇಡ: ತಲೆಗೆ ಎಷ್ಟು ಯೂನಿಟ್ ಎಂದು ಅಳೆದರು, ವರ್ಷವರ್ಷವೂ ಬರೆದಿಟ್ಟರು. ಅಳೆಯದೆ ಉಳಿಸಿದವರಿಲ್ಲ.

ಹವಾನಿಯಂತ್ರಕದ ಬಗ್ಗೆಯೂ ಒಂದು ಮಾತು. ಸರ್ವರ್ ಇಟ್ಟ ಕೋಣೆಯನ್ನು ಶೀತಲಗೃಹದಂತೆ ತಣ್ಣಗಿಡಬೇಕೆಂಬ ಕಲ್ಪನೆ ಇನ್ನೂ ಇದೆ. 27 ಡಿಗ್ರಿಯವರೆಗಿನ ಉಷ್ಣತೆ ಅಂಥ ಯಂತ್ರಗಳಿಗೆ ಒಗ್ಗುತ್ತದೆಂದು ಆ ಕ್ಷೇತ್ರದ ತಜ್ಞರ ಮಾರ್ಗದರ್ಶಿಯೇ ಹೇಳುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಮನುಷ್ಯನ ಹಾನಿಕರ ಬಳಕೆಗೆ ಉದಾಹರಣೆಯಾಗಿ ಹೆಸರಿಸಿದ್ದು ಈ ಹವಾನಿಯಂತ್ರಕವನ್ನೇ. ಬೇಡದ ದೀಪ ಆರಿಸುವುದನ್ನು ಅವರು ಸೃಷ್ಟಿಯ ಪಾಲನೆಯ ದೈನಂದಿನ ಕಾರ್ಯಗಳ ಸಾಲಿಗೆ ಸೇರಿಸಿದರು. ಆ ಪತ್ರದ ಮೇಲೆ ವಿಚಾರ ಸಂಕಿರಣ ನಡೆಸುವ ಸಭಾಂಗಣದಲ್ಲೇ ಪ್ರೊಜೆಕ್ಟರು ಊಟದ ವಿರಾಮದುದ್ದಕ್ಕೂ ಉರಿಯುವುದನ್ನು ನಾನು ಕಂಡಿದ್ದೇನೆ. ಎದ್ದು ಆರಿಸದೆ ಊಟಕ್ಕೆ ನಡೆದವರಲ್ಲಿ ನಾನೂ ಒಬ್ಬ.

ಹಾಗಾದರೆ ಮಾಡಬೇಕಾದುದೇನು? ಒಂದು, ಪ್ರತಿ ಯಂತ್ರದಲ್ಲಿ ಹತ್ತು ನಿಮಿಷಕ್ಕೆ ಪರದೆ ಆರುವಂತೆ, ಇಪ್ಪತ್ತು ನಿಮಿಷಕ್ಕೆ ಯಂತ್ರ ನಿದ್ರಿಸುವಂತೆ ಹೊಂದಿಸಿರಿ. ನಿಮ್ಮ ಮನೆಯ ಹೈಸ್ಕೂಲು ಹುಡುಗಿ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾಳೆ. ಎರಡು, ರಾತ್ರಿಯೂ ನಡೆಯಲೇಬೇಕಾದ ಯಂತ್ರಗಳನ್ನು ಬೇರ್ಪಡಿಸಿ, ಉಳಿದ ಯಂತ್ರ, ಪ್ರಿಂಟರು, ಯುಪಿಎಸ್‌ಗಳನ್ನೆಲ್ಲ ಒಂದೇ ಸ್ವಿಚ್ಚಿಗೆ ತನ್ನಿರಿ. ಬೀಗ ಹಾಕುವವರೇ ಅದನ್ನು ಆರಿಸಲಿ. ಮೂರು, ತಿಂಗಳ ಬಿಲ್ಲನ್ನು ಕಡತದಲ್ಲಿ ಹೂಳದೆ, ಈ ತಿಂಗಳ ಮತ್ತು ಕಳೆದ ವರ್ಷದ ಇದೇ ತಿಂಗಳ ಯೂನಿಟ್ಟುಗಳನ್ನು ಸೂಚನಾ ಫಲಕದಲ್ಲಿ ಬರೆಯಿರಿ. ಮೂರನೆಯದೇ ಮುಖ್ಯ. ಅದು ಯಾರದೂ ಅಲ್ಲದ ಬಿಲ್ಲನ್ನು ಎಲ್ಲರ ಬಿಲ್ಲಾಗಿ ಮಾಡುತ್ತದೆ.

ಓದುಗರೇ, ನಿಮ್ಮ ಧರ್ಮಕೇಂದ್ರದ, ನಿಮ್ಮ ಮಕ್ಕಳ ಶಾಲೆಯ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿರಿ: "ನಮ್ಮ ಕಚೇರಿಗೆ ಕಳೆದ ತಿಂಗಳು ಎಷ್ಟು ಯೂನಿಟ್ ಖರ್ಚಾಯಿತು?" ಕೂಡಲೇ ಉತ್ತರ ಸಿಗದಿದ್ದರೆ ಆಶ್ಚರ್ಯಪಡಬೇಡಿ. ಮರುತಿಂಗಳೂ ಕೇಳಿರಿ. ಯಾರಾದರೂ ಮುನಿಸಿಕೊಂಡರೆ, ಒಬ್ಬ ಗುರುಗಳೇ ಕೇಳಲು ಹೇಳಿದ್ದಾರೆಂದು ಧೈರ್ಯವಾಗಿ ತಿಳಿಸಿರಿ.