ಸೀನಿನ ಕಾಲದಲ್ಲಿ ಹಲ್ಲಿನ ಕಾವಲು

ಸೀನು ಬಂದಾಗ ನಾವು ಮೂಗನ್ನು ಒರಸಿಕೊಳ್ಳುತ್ತೇವೆ, ಕಣ್ಣನ್ನು ಉಜ್ಜಿಕೊಳ್ಳುತ್ತೇವೆ. ಹಲ್ಲಿನ ನೆನಪು ಯಾರಿಗೂ ಬಾರದು. ಆದರೆ ವರ್ಷವರ್ಷವೂ ಅದೇ ಋತುವಿನಲ್ಲಿ ಮರಳಿ ಬರುವ ಅಲರ್ಜಿಯಿಂದ ಸದ್ದಿಲ್ಲದೆ ಹಾನಿಗೊಳ್ಳುವ ಅಂಗಗಳಲ್ಲಿ ಹಲ್ಲೂ ಒಂದು. ಆದುದರಿಂದ ಬಾಯಿಯ ಶುಚಿಯನ್ನು ಮೂಗಿನ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ.

ಬೀಳಗಿ ತಾಲ್ಲೂಕಿನ ಬಾಡಗಂಡಿಯ ಸುತ್ತಿನ ಸೀಮೆಯನ್ನೇ ನೋಡೋಣ. ಮಳೆಗಾಲ ಕಳೆಯುತ್ತಲೇ ಬದುವಿನ ಹುಲ್ಲೂ ರಸ್ತೆಬದಿಯ ಕಾಂಗ್ರೆಸ್ ಕಸವೂ ಹೂತು ನಿಲ್ಲುವುವು. 1955ರಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟ ಈ ಪರದೇಶಿ ಕಳೆ ಇಂದು ನಾಡೆಲ್ಲ ಹಬ್ಬಿದೆ. ಅದರ ಪರಾಗ ಅನೇಕರ ಮೂಗಿಗೆ ಒಗ್ಗದು. ಮುಂದೆ ಕಬ್ಬು ನುರಿಸುವ ಕಾಲ. ಕಟಾವಾದ ಹೊಲಗಳಲ್ಲಿ ರವದಿಗೆ ಇಟ್ಟ ಬೆಂಕಿಯ ಹೊಗೆ. ಆಮೇಲೆ ಬಿಳಿಜೋಳದ ರಾಶಿ, ಅದರ ಧೂಳು. ಹೊಗೆಯು ನಿಜವಾದ ಅಲರ್ಜಿಕಾರಕವಲ್ಲದಿದ್ದರೂ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುವುದು.

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಆಸ್ಟ್ರಿಯಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದನು. ನಿರುಪದ್ರವಿಯಾದ ಪರಾಗವನ್ನು ದೇಹವು ಶತ್ರುವೆಂದು ಭ್ರಮಿಸಿ, ಹಿಸ್ಟಮಿನ್ ಮೊದಲಾದ ವಸ್ತುಗಳನ್ನು ಹೊರಸೂಸುವುದು. ಮೂಗಿನ ಒಳಪೊರೆ ಬಾತು ದಾರಿ ಕಟ್ಟುವುದು. ಆಗ ರೋಗಿಯು ಹಗಲಿರುಳೂ ಬಾಯಿಂದ ಉಸಿರಾಡುವನು. ಹಲ್ಲಿನ ಸಂಕಟ ಆರಂಭವಾಗುವುದು ಇಲ್ಲಿಯೇ.

ಬಾಯಲ್ಲಿ ದಿನವೊಂದಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸ್ರವಿಸುವುದು. ಇದನ್ನು ಬರಿಯ ನೀರೆಂದು ತಿಳಿಯಬಾರದು. ಅದು ಆಹಾರದ ತುಣುಕುಗಳನ್ನು ತೊಳೆಯುವುದು. ಬೈಕಾರ್ಬೊನೇಟಿನಿಂದ ಆಮ್ಲವನ್ನು ತಣಿಸುವುದು. ಕ್ಯಾಲ್ಸಿಯಮ್, ಫಾಸ್ಫೇಟುಗಳನ್ನು ಹಲ್ಲಿಗೆ ಮರಳಿಸುವುದು. ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುವುದು. ಜೊಲ್ಲು ಆರಿದ ಬಾಯಲ್ಲಿ ಈ ಆಮ್ಲವನ್ನು ತಡೆಯುವವರಿಲ್ಲ. ನಿದ್ರೆಯಲ್ಲಂತೂ ಜೊಲ್ಲು ಸಹಜವಾಗಿಯೇ ಅತ್ಯಲ್ಪ. ಬಾಯಿ ತೆರೆದು ಮಲಗಿದರೆ ಇದ್ದುದೂ ಒಣಗುವುದು. ಮೇಲಿನ ಮುಂಬಾಗದ ವಸಡು ಕೆಂಪೇರಿ ಊದುವುದೂ ಉಂಟು.

ಔಷಧದ ಪಾತ್ರವೂ ಇದೆ. ಹಿಸ್ಟಮಿನ್ನನ್ನು ತಡೆಯುವ ಮೊದಲ ವಸ್ತುವನ್ನು 1937ರಲ್ಲಿ ಕಂಡುಹಿಡಿಸಿದ ಡೇನಿಯಲ್ ಬೋವೆ 1957ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಈ ವರ್ಗದ ಹಳೆಯ ಮಾತ್ರೆಗಳು, ಉದಾಹರಣೆಗೆ ಕ್ಲೋರ್‌ಫೆನಿರಮಿನ್, ಜೊಲ್ಲುಗ್ರಂಥಿಗಳಿಗೆ ಬರುವ ನರಗಳ ಸಂದೇಶವನ್ನೂ ತಡೆಯುತ್ತವೆ. ಬಾಯಿ ಒಣಗುವುದು ಅದರಿಂದಲೇ. ಹೊಸ ಮಾತ್ರೆಗಳಲ್ಲಿ ಈ ದೋಷ ಕಡಿಮೆ, ಆದರೆ ಇಲ್ಲವೆಂದಲ್ಲ. ಗಂಟಲ ಕೆರೆತಕ್ಕೆಂದು ಚೀಪುವ ಸಿಹಿಗುಳಿಗೆ, ಮಲಗುವ ಮುನ್ನ ಕುಡಿಯುವ ಸಿಹಿ ಸಿರಪ್ಪು ಒಣಬಾಯಿಗೆ ಸಕ್ಕರೆಯನ್ನು ಒಡ್ಡುತ್ತವೆ.

ಹಾಗಾದರೆ ಮಾತ್ರೆಯನ್ನು ಬಿಡಬೇಕೆ? ಬೇಡ. ಕಟ್ಟಿದ ಮೂಗೇ ಬಾಯುಸಿರಿಗೆ ಮೂಲವಾದುದರಿಂದ, ಮೂಗನ್ನು ತೆರೆಯುವುದೂ ಹಲ್ಲಿನ ರಕ್ಷಣೆಯೇ. ಬಿಡಬೇಕಾದುದು ಮಾತ್ರೆಯನ್ನಲ್ಲ, ಬಾಯಿಯ ಬಗೆಗಿನ ಅಲಕ್ಷ್ಯವನ್ನು.

“ಬೇವಿನ ಕಡ್ಡಿಯಲ್ಲೇ ಹಲ್ಲುಜ್ಜಿದ ನಮ್ಮ ಅಜ್ಜಂದಿರ ಹಲ್ಲು ಗಟ್ಟಿಯಾಗಿರಲಿಲ್ಲವೇ?” ಎಂದು ಕೆಲವರು ಕೇಳುವರು. ಅಜ್ಜಂದಿರು ಅಗಿದುದು ಕಟಿರೊಟ್ಟಿ. ಪೇಟೆಯ ಸಿಹಿತಿಂಡಿ ಅವರಿಗೆ ಅಪರೂಪವಾಗಿತ್ತು. ಇಂದಿನ ತಿನಿಸಿಗೆ ಅಂದಿನ ಕಡ್ಡಿಯೊಂದೇ ಸಾಲದು. ಇದ್ದಿಲು, ಇಟ್ಟಿಗೆಪುಡಿಗಳಂತೂ ಎನಾಮಲನ್ನು ಸವೆಸುವುವು.

ಕರ್ತವ್ಯ ಸರಳವಾದುದು. ಸೀನಿನ ಕಾಲದಲ್ಲಿ ಆಗಾಗ ಗುಟುಕು ನೀರು ಕುಡಿಯಬೇಕು. ಸಿರಪ್ಪಿನ ಬಳಿಕ ಬಾಯಿ ಮುಕ್ಕಳಿಸಬೇಕು. ಸಕ್ಕರೆಯಿಲ್ಲದ ಸಿರಪ್ಪು ಇದೆಯೇ ಎಂದು ವೈದ್ಯರನ್ನು ಕೇಳಬೇಕು. ಉಬ್ಬಸಕ್ಕೆ ಸ್ಟಿರಾಯ್ಡ್ ಇನ್ಹೇಲರ್ ಬಳಸುವವರು ಪ್ರತಿಸಲವೂ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬೂಷ್ಟಿನ ಸೋಂಕು ತಲೆದೋರಬಹುದು. ದಿನಕ್ಕೆರಡು ಬಾರಿ, ಅದರಲ್ಲೂ ರಾತ್ರಿ ತಪ್ಪದೆ, ಫ್ಲೋರೈಡುಳ್ಳ ಪೇಸ್ಟಿನಿಂದ ಹಲ್ಲುಜ್ಜಬೇಕು. ಬಾವಿನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಚಿಕ್ಕ ಮಕ್ಕಳು ಪೇಸ್ಟನ್ನು ನುಂಗದಂತೆ ಹಿರಿಯರು ನೋಡಿಕೊಳ್ಳಬೇಕು. ಮೇಲಿನ ದವಡೆಹಲ್ಲುಗಳು ಒಟ್ಟಾಗಿ ನೋಯುತ್ತಿದ್ದು, ಬಗ್ಗಿದಾಗ ನೋವು ಹೆಚ್ಚಿದರೆ ಹಲ್ಲು ಕೀಳಿಸಲು ಧಾವಿಸಬಾರದು. ಆ ಬೇರುಗಳ ಮೇಲೆಯೇ ಮುಖದ ಗಾಳಿಗೂಡಿದೆ. ಅದು ಬಾತರೂ ಹಲ್ಲುನೋವಿನಂತೆಯೇ ತೋರುವುದು.

ಇದೆಲ್ಲವೂ ವಿದ್ಯಾರ್ಥಿಯೊಬ್ಬನ ಹೊಣೆಯೆಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ತರಗತಿಯಲ್ಲಿ ನೀರು ಕುಡಿಯುವುದನ್ನು ಅಶಿಸ್ತೆಂದು ಗದರಿಸುವ ಪದ್ಧತಿ ಎಲ್ಲಿದೆಯೋ ಅಲ್ಲಿ ಅದು ನಿಲ್ಲಬೇಕು. ಮಧ್ಯಾಹ್ನದ ಊಟದ ಬಳಿಕ ಎಲ್ಲ ಮಕ್ಕಳೂ ಬಾಯಿ ಮುಕ್ಕಳಿಸುವಷ್ಟು ನೀರೂ ಸಮಯವೂ ಶಾಲೆಯಲ್ಲಿ ದೊರೆಯಬೇಕು. ಶಾಲೆಯ ಆವರಣದ ಕಾಂಗ್ರೆಸ್ ಕಸವನ್ನು ಹೂವಾಗುವ ಮೊದಲೇ, ಕೈಚೀಲ ತೊಟ್ಟವರಿಂದ ಕೀಳಿಸಬೇಕು. ಅಲರ್ಜಿಯುಳ್ಳ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬಾರದು. ಮಾತ್ರೆ ಬರೆದುಕೊಡುವ ವೈದ್ಯರು ಬಾಯಿಯ ವಿಷಯವಾಗಿ ಒಂದು ಮಾತು ಸೇರಿಸಿದರೆ ಅವರಿಗೆ ತಗಲುವುದು ಅರ್ಧ ನಿಮಿಷ.

ಋತು ಕಳೆದರೆ ಸೀನು ನಿಲ್ಲುವುದು, ಮೂಗು ಮತ್ತೆ ಮೊದಲಿನಂತಾಗುವುದು. ಕುಳಿಬಿದ್ದ ಎನಾಮಲ್ ಮಾತ್ರ ಮರಳಿ ಬೆಳೆಯದು. ಹದಿನೈದರ ಹರೆಯದಲ್ಲಿ ಕಳೆದುಕೊಂಡುದಕ್ಕೆ ಐವತ್ತು ವರ್ಷ ಬೆಲೆ ತೆರಬೇಕಾದೀತೆಂಬುದನ್ನು ತರುಣ ವಾಚಕರು ಮನಗಾಣಲಿ.