ಅಗ್ಗದ ಪಯಣ ಯಾರ ಖರ್ಚಿನಲ್ಲಿ?

ಕಾರಿನ ಹಿಂದಿನ ಸೀಟನ್ನು ಮಡಚಿ ಹಾಸಿಗೆ ಮಾಡಿಕೊಂಡು, ಡಿಕ್ಕಿಯಲ್ಲಿ ಸಣ್ಣದೊಂದು ಗ್ಯಾಸ್ ಒಲೆ, ಅಕ್ಕಿಬೇಳೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು ಇಟ್ಟುಕೊಂಡು ಊರೂರು ಸುತ್ತುವ ಹೊಸ ಬಗೆಯ ಪಯಣಿಗರು ನಾಡಿನ ರಸ್ತೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ಲಾಡ್ಜಿನ ಬಾಡಿಗೆಯಿಲ್ಲ, ಹೋಟೆಲಿನ ಬಿಲ್ಲಿಲ್ಲ, ಪೆಟ್ರೋಲಿನ ಖರ್ಚೊಂದೇ. 2024ರ ಡಿಸೆಂಬರಿನಲ್ಲಿ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ ವಾಹನಗಳಿಗೆ ತೆರೆದ ಮೇಲೆ ಬಂಗಾರಪೇಟೆ, ಬೂದಿಕೋಟೆಗಳ ಗುಡ್ಡಗಾಡು ರಾಜಧಾನಿಗೆ ಇನ್ನಷ್ಟು ಹತ್ತಿರವಾಗಿದೆ.

ಈ ಬಗೆಯ ಬದುಕನ್ನು ಹಳಿಯಬೇಕಾದ ಕಾರಣವಿಲ್ಲ. ಅದು ಒಂದು ಶಿಸ್ತನ್ನು ಕಲಿಸುತ್ತದೆ. ಮನೆಯ ನಲ್ಲಿಯನ್ನು ಲೆಕ್ಕವಿಲ್ಲದೆ ಬಿಡುತ್ತಿದ್ದವನು ಕ್ಯಾನಿನ ನೀರು ಸಂಜೆಯವರೆಗೆ ಬರಬೇಕೆಂದು ಅರಿತಾಗ ಪಾತ್ರೆಯನ್ನು ಮೊದಲು ಒರೆಸಿ, ಆಮೇಲೆ ಒಂದು ಲೋಟ ನೀರಿನಲ್ಲಿ ತೊಳೆಯುವುದನ್ನು ಕಲಿಯುತ್ತಾನೆ. ಬಿಸಿಲಿನ ನಡೆ ನೋಡಿ ಮರದ ನೆರಳು ಹುಡುಕುತ್ತಾನೆ. ರಾತ್ರಿ ಎಂಜಿನ್ ನಿಲ್ಲಿಸಿ, ಕಿಟಕಿಯನ್ನು ತುಸು ಇಳಿಸಿ ಮಲಗುತ್ತಾನೆ. ಎಂಜಿನ್ ಓಡುತ್ತಿರುವಾಗ ಒಳಸೇರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಅದು ಪ್ರಾಣ ತೆಗೆಯಬಲ್ಲುದು. ಬಯಲುಸೀಮೆಯ ಹೆಂಗಸರು ಕೊಡ ಹೊತ್ತು ಕಲಿತ ನೀರಿನ ಲೆಕ್ಕವನ್ನು ನಗರದವರು ಕಾರಿನಲ್ಲಿ ಕಲಿಯುವುದಾದರೆ ಒಳ್ಳೆಯದೇ.

ಆದರೆ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಪುಟವೂ ಇದೆ. ಆ ಕ್ಯಾನು ತುಂಬುವುದು ಎಲ್ಲಿ? ಹಳ್ಳಿಯ ನಲ್ಲಿಯಲ್ಲಿ. ಬೆಳಗಿನ ಬಹಿರ್ದೆಸೆ ಎಲ್ಲಿ? ಕೆರೆಯಂಗಳದಲ್ಲಿ. ಊಟದ ತಟ್ಟೆ, ನೀರಿನ ಬಾಟಲಿಗಳು ಉಳಿಯುವುದು ಎಲ್ಲಿ? ಗುಡ್ಡದ ಬಂಡೆಗಳ ಸಂದಿಯಲ್ಲಿ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಅಪರೂಪವಲ್ಲ. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡಿನ ಕಾಟ ಬೇರೆ. ಅಂತರ್ಜಲ ಏರಲೆಂದು 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಹರಿಸಬೇಕಾಗಿ ಬಂದಿದೆ. ಇಂಥ ಸೀಮೆಯಲ್ಲಿ ಒಂದು ಕ್ಯಾನು ನೀರೂ ಪುಕ್ಕಟೆಯಲ್ಲ. ಪಯಣಿಗನು ಉಳಿಸಿದೆನೆಂದುಕೊಂಡ ಹಣದಲ್ಲಿ ಒಂದು ಪಾಲನ್ನು ಊರು ತೆತ್ತಿರುತ್ತದೆ. ಬೇಸಗೆಯ ಒಣಹುಲ್ಲಿನ ನಡುವೆ ಹಚ್ಚಿದ ಒಲೆಯ ಕಿಡಿ ಹಾರಿದರೆ ಇಡೀ ಗುಡ್ಡದ ಮೇವೇ ಹೋಗುತ್ತದೆ. ಕುರಿ ಸಾಕಿದವನಿಗೆ ಅದರ ಬೆಲೆ ಗೊತ್ತು.

ಬಂದು, ಬಳಸಿ, ಬಿಟ್ಟುಹೋಗುವವರ ಅನುಭವ ಈ ನೆಲಕ್ಕೆ ಹೊಸದಲ್ಲ. ಕೆ.ಜಿ.ಎಫ್.ನಲ್ಲಿ 1880ರಲ್ಲಿ ಬ್ರಿಟಿಷ್ ಕಂಪನಿ ಆರಂಭಿಸಿದ ಗಣಿಗಾರಿಕೆ 2001ರಲ್ಲಿ ನಿಂತಿತು. ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಸಯನೈಡ್ ದಿಬ್ಬಗಳು ಇಲ್ಲೇ ಉಳಿದವು. ಗಾಳಿ ಬೀಸಿದಾಗ ಆ ದೂಳು ಯಾರ ಮನೆಗೆ ನುಗ್ಗುತ್ತದೆಂಬುದನ್ನು ಅಲ್ಲಿನ ಕಾರ್ಮಿಕ ಕುಟುಂಬಗಳನ್ನು ಕೇಳಬೇಕು. ಒಂದು ಕಾರಿನ ಕಸವನ್ನು ಗಣಿಯ ದಿಬ್ಬಕ್ಕೆ ಹೋಲಿಸುವುದು ಅತಿಯಾದೀತು. ಆದರೆ ಲಾಭ ಹೊರಗಿನವರಿಗೆ, ಉಳಿಕೆ ಊರಿನವರಿಗೆ ಎಂಬ ನೀತಿ ಎರಡರಲ್ಲೂ ಒಂದೇ.

ಹಾಗೆಂದು ಊರಬಾಗಿಲು ಮುಚ್ಚುವುದು ಪರಿಹಾರವಲ್ಲ. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಬೂದಿಕೋಟೆಯ ಕೋಟೆಯನ್ನಾಗಲಿ, ಹತ್ತಿರದ ಮಾರ್ಕಂಡೇಯ ಜಲಾಶಯವನ್ನಾಗಲಿ ನೋಡಬಂದವರನ್ನು ಅಟ್ಟುವುದು ಇಲ್ಲಿನ ನಡವಳಿಕೆಯೂ ಅಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ದಾರಿಹೋಕರ ತಂಗುವಿಕೆಗೆ ಒಂದು ವ್ಯವಸ್ಥೆಯೇ ಇತ್ತು. ಊರಂಚಿನಲ್ಲಿ ಮಾವು, ಹುಣಸೆ, ನೇರಳೆ, ಹೊಂಗೆಗಳ ಗುಂಡುತೋಪು, ಬಳಿಯಲ್ಲೇ ಕೆರೆಯೋ ಕಲ್ಯಾಣಿಯೋ, ಬೇಸಗೆಯಲ್ಲಿ ಅರವಟ್ಟಿಗೆ. ಬಂಡಿ ಕಟ್ಟಿಕೊಂಡು ಬಂದವರು ಅಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲಿಟ್ಟು ಅಡುಗೆ ಮಾಡಿ, ಉಂಡು ಮಲಗಿ, ಬೆಳಗ್ಗೆ ಮುಂದೆ ಸಾಗುತ್ತಿದ್ದರು. ಅವರು ಬಿಟ್ಟುಹೋಗುತ್ತಿದ್ದುದು ಬೂದಿ, ಸಗಣಿ, ಎಲೆ ಮಾತ್ರ. ಮೂರೂ ಮಣ್ಣಿಗೆ ಸೇರುವಂಥವು. ಇಂದು ಬಂಡಿಯ ಜಾಗಕ್ಕೆ ಕಾರು ಬಂದಿದೆ, ಎಲೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ತೋಪುಗಳು ಮಾತ್ರ ಒತ್ತುವರಿಯಲ್ಲಿ ಕರಗುತ್ತಿವೆ.

ಆದ್ದರಿಂದ ಮಾಡಬೇಕಾದುದು ಸ್ಪಷ್ಟ. ಉಳಿದ ಗುಂಡುತೋಪುಗಳನ್ನು ಅಳೆಸಿ, ಒತ್ತುವರಿ ಬಿಡಿಸಿ, ಬೋಳಾದಲ್ಲಿ ಸಸಿ ನೆಟ್ಟು, ಒಂದು ಅಂಚಿನಲ್ಲಿ ನಾಲ್ಕಾರು ಕಾರು ನಿಲ್ಲುವಷ್ಟು ಜಾಗ, ಒಂದು ಶೌಚಾಲಯ, ಒಂದು ನಲ್ಲಿಯನ್ನು ಪಂಚಾಯಿತಿ ಒದಗಿಸಲಿ. ರಾತ್ರಿ ತಂಗುವವರಿಂದ ಅಲ್ಪ ಶುಲ್ಕ ಪಡೆದು, ಆ ಹಣವನ್ನು ತೋಪಿನ ಕಾವಲಿಗೂ ಕೆರೆಯ ಹೂಳೆತ್ತುವುದಕ್ಕೂ ಬಳಸಲಿ. ತಂದ ಕಸವನ್ನು ತಂದವರೇ ಒಯ್ಯಬೇಕು, ಬೆಂಕಿ ಹಚ್ಚಕೂಡದು, ಕೆರೆಯಲ್ಲಿ ಕಾರು ತೊಳೆಯಕೂಡದು ಎಂಬ ನಿಯಮಗಳನ್ನು ಗ್ರಾಮಸಭೆಯೇ ನಿರ್ಣಯಿಸಲಿ. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಕಡ್ಡಾಯವಾಗಬೇಕಾದರೆ ಹೈಕೋರ್ಟಿನ ಆದೇಶ ಬೇಕಾಯಿತು. ಅಷ್ಟರಮಟ್ಟಿಗೆ ಗುಡ್ಡ ಕೆಡುವತನಕ ಬೂದಿಕೋಟೆಯ ಸೀಮೆ ಕಾಯಬೇಕಾಗಿಲ್ಲ.

ಇದರಲ್ಲಿ ವಿದ್ಯಾರ್ಥಿಗಳ ಪಾಲೂ ಉಂಟು. ಗ್ರಾಮನಕ್ಷೆಯನ್ನು ಮುಂದಿಟ್ಟುಕೊಂಡು ತಮ್ಮ ಊರಿನ ತೋಪು ಎಲ್ಲಿತ್ತು, ಈಗ ಎಷ್ಟು ಮರ ಉಳಿದಿವೆ ಎಂದು ಹಿರಿಯರನ್ನು ಕೇಳಿ ಬರೆದಿಟ್ಟರೆ ಗ್ರಾಮಸಭೆಯ ಮುಂದಿಡಲು ಅದಕ್ಕಿಂತ ಗಟ್ಟಿಯಾದ ದಾಖಲೆ ಬೇಡ. ಕಾರಿನಲ್ಲಿ ಬರುವವರಿಗೂ ಹೇಳಬೇಕಾದುದು ಇಷ್ಟೇ: ಕಡಿಮೆಯಲ್ಲಿ ಬದುಕುವುದು ಸದ್ಗುಣ, ಆದರೆ ಆ ಕಡಿಮೆಯನ್ನು ಬೇರೆಯವರ ಕೊಡದಿಂದ ತುಂಬಿಸಿಕೊಂಡರೆ ಅದು ಮಿತವ್ಯಯವಲ್ಲ, ಸಾಲ.